ಹಸಿರು ಬೆಳವಣಿಗೆಗೆ ಮೊದಲ ದುಡ್ಡು ಎಲ್ಲಿಗೆ: ಕರೆಂಟಿಗಾ, ಕಲಿಕೆಗಾ, ವ್ಯಾಪಾರಕ್ಕಾ?

ಹಸಿರು ಬೆಳವಣಿಗೆ ಅಂದರೆ ಮಾಲಿನ್ಯ ಹೆಚ್ಚಿಸದೆ ಆದಾಯ ಬೆಳೆಸೋದು. ಅದರಲ್ಲಿ ಬೇಗ ಫಲ ಬೇಕು ಅಂದರೆ ಸೌರ ಮತ್ತು ಗಾಳಿ ವಿದ್ಯುತ್ತೇ ಸರಿ. ಆದರೆ ವಿಯೆಟ್ನಾಂ ಕಥೆ ನೋಡಿ. ಸರ್ಕಾರ ಸೌರ ವಿದ್ಯುತ್ತಿಗೆ ಒಳ್ಳೆ ಖರೀದಿ ದರ ಕೊಟ್ಟಿತು, 2018ರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲದ ಕಡೆ 2020ರ ಕೊನೆಗೆ ಸುಮಾರು 16 ಗಿಗಾವ್ಯಾಟ್ ಸೌರ ಸಾಮರ್ಥ್ಯ ಎದ್ದು ನಿಂತಿತು, ಕರೆಂಟು ಸಾಗಿಸುವ ತಂತಿ ಮಾರ್ಗ, ಅಂದರೆ ಗ್ರಿಡ್, ಮಾತ್ರ ಅಷ್ಟು ಬೇಗ ಬೆಳೆಯಲಿಲ್ಲ. ಮಧ್ಯಾಹ್ನ ಬಿಸಿಲು ಜೋರಾಗಿರುವಾಗಲೇ ಎಷ್ಟೋ ಘಟಕಗಳು ಉತ್ಪಾದನೆ ತಗ್ಗಿಸಬೇಕಾಯಿತು. ಸುಮ್ನೆ ಪ್ಯಾನೆಲ್ ಕೊಂಡರೆ ಸಾಲದು, ಗ್ರಿಡ್‌ಗೂ ದುಡ್ಡು ಎತ್ತಿಡಬೇಕು.

ಶಿಕ್ಷಣ ನಿಧಾನ. ಇವತ್ತು ಹಾಕಿದ್ದು ಕೈಗೆ ಬರೋಕೆ ಹತ್ತು ಹದಿನೈದು ವರ್ಷ ಬೇಕು. ಇನ್ನೊಂದು ತೊಡಕೂ ಇದೆ: ಓದು ಹೆಚ್ಚಿದರೆ ಆದಾಯ ಹೆಚ್ಚುತ್ತದೆ, ಜೊತೆಗೆ ಕಾರು, ಎಸಿ ಕೂಡ ಜಾಸ್ತಿ ಆಗುತ್ತವೆ ಅಲ್ವಾ? ಹಾಗಾಗಿ ನನ್ನ ಒಲವು ಬರೀ ಡಿಗ್ರಿಗಿಂತ ಗ್ರಿಡ್ ನಿಭಾಯಿಸುವ, ಇನ್ವರ್ಟರ್ ರಿಪೇರಿ ಮಾಡುವ ಕೌಶಲದ ಕಡೆಗೆ.

ಜಾಗತೀಕರಣ ಎರಡು ಅಲಗಿನ ಕತ್ತಿ. ಸೌರ ಪ್ಯಾನೆಲ್ ಇಷ್ಟು ಅಗ್ಗವಾಗಿದ್ದು ಚೀನಾದ ದೊಡ್ಡ ಕಾರ್ಖಾನೆಗಳಿಂದ, ಮುಕ್ತ ವ್ಯಾಪಾರದಿಂದ. ಆದರೆ ಇಂಡೋನೇಷ್ಯಾದಲ್ಲಿ ಬ್ಯಾಟರಿಗೂ ಬೇಕಾದ ನಿಕಲ್ ಕರಗಿಸೋದು ಬಹುಪಾಲು ಕಲ್ಲಿದ್ದಲ ಕರೆಂಟಿನಲ್ಲಿ! ಅತ್ತ ಯುರೋಪಿಯನ್ ಒಕ್ಕೂಟ ಹೊರಗಿನಿಂದ ಬರುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲದ ಲೆಕ್ಕವನ್ನು 2023ರ ಅಕ್ಟೋಬರ್‌ನಿಂದಲೇ ಕೇಳಲು ಶುರುಮಾಡಿದೆ.

ಕಲ್ಲಿದ್ದಲನ್ನೇ ನಂಬಿದ ದೇಶಕ್ಕೆ ನಾನು ವಿದ್ಯುತ್ತನ್ನೇ ಮೊದಲು ಆರಿಸುತ್ತೇನೆ, ತರಬೇತಿಯನ್ನು ಅದರ ಜೊತೆಗೇ. ಉಕ್ಕು ರಫ್ತು ಮಾಡುವವರಿಗಂತೂ ಬೇರೆ ದಾರಿಯೂ ಇಲ್ಲ.