ಇಂಗ್ಲೆಂಡಿನ ಕೌನ್ಸಿಲ್ ಶಾಲಾ ಪ್ರವೇಶ ಸೇವೆ: ವರ್ಷದ ನಡುವೆ ಬಂದವರಿಗಾಗಿ ಒಂದು ವಿಮರ್ಶೆ

ಕರ್ನಾಟಕದಿಂದ ಕೆಲಸದ ವೀಸಾದ ಮೇಲೆ ಇಂಗ್ಲೆಂಡಿಗೆ ಬರುವ ಕುಟುಂಬಗಳು ಇಲ್ಲಿಯ ಶಾಲಾ ವರ್ಷ ಆರಂಭವಾಗುವ ಸೆಪ್ಟೆಂಬರಿಗೆ ಸರಿಹೊಂದುವಂತೆ ಹೊರಡುವುದು ಕಷ್ಟ. ಕಂಪನಿ ಯಾವಾಗ ಕಳುಹಿಸುತ್ತದೆಯೋ, ವೀಸಾ ಯಾವಾಗ ಕೈಸೇರುತ್ತದೆಯೋ ಆಗ ಬರಬೇಕಾಗುತ್ತದೆ. ಹಾಗೆ ನವೆಂಬರಿನಲ್ಲೋ ಫೆಬ್ರವರಿಯಲ್ಲೋ ಬಂದಿಳಿದು ಬಾಡಿಗೆ ಮನೆ ಹಿಡಿದ ಕೂಡಲೇ ತಂದೆತಾಯಿಗೆ ಬೇಕಾಗುವುದು ಸ್ಥಳೀಯ ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಯ, ಶಾಲಾ ಪ್ರವೇಶ ಸೇವೆ. ಮಗಳನ್ನು ರಿಸೆಪ್ಷನ್ ತರಗತಿಗೂ (ಇಲ್ಲಿಯ ಶಾಲೆಯ ಮೊದಲ ವರ್ಷ) ಮಗನನ್ನು ಇಯರ್ ಟೂ ತರಗತಿಗೂ (ಮೂರನೆಯ ವರ್ಷ) ಸೇರಿಸಲು ನಾವು ಈ ಸೇವೆಯನ್ನು ಬಳಸಿದ್ದೇವೆ. ನಮ್ಮ ಕೌನ್ಸಿಲ್ ಯಾವುದೆಂದು ಹೇಳುವ ಅಗತ್ಯವಿಲ್ಲ. ಇಂಗ್ಲೆಂಡಿನ ಎಲ್ಲ ಸರ್ಕಾರಿ ಅನುದಾನದ ಶಾಲೆಗಳೂ 2021ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಶಾಲಾ ಪ್ರವೇಶ ಸಂಹಿತೆಯನ್ನು ಪಾಲಿಸಬೇಕಾಗಿರುವುದರಿಂದ ಈ ವಿಮರ್ಶೆಯ ಬಹುಭಾಗ ಯಾವ ಊರಿನವರಿಗೂ ಅನ್ವಯಿಸುತ್ತದೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ನಿಯಮಗಳು ಬೇರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿಯ ವೇಟಿಂಗ್ ಲಿಸ್ಟ್ ಪ್ರಾಮಾಣಿಕವಾದದ್ದು, ಅದನ್ನು ನಂಬಬಹುದು. ಆದರೆ ಆ ಪಟ್ಟಿ ಹೇಗೆ ನಡೆಯುತ್ತದೆ ಎಂಬುದನ್ನು ಹೊಸದಾಗಿ ಬಂದವರಿಗೆ ತಿಳಿಸುವ ಕೆಲಸವನ್ನು ಈ ಸೇವೆ ಬಹಳ ಕೆಟ್ಟದಾಗಿ ಮಾಡುತ್ತದೆ. ಕೇಳಿದವರಿಗೆ ಉತ್ತರ ಸಿಗುತ್ತದೆ. ಏನು ಕೇಳಬೇಕೆಂದೇ ಗೊತ್ತಿಲ್ಲದವರು ಸುಮ್ಮನೆ ಕಾಯುತ್ತ ಕೂರುತ್ತಾರೆ.

ಸಕಾಲದಲ್ಲಿ ಇಲ್ಲಿರುವವರಿಗೆ ವಿಧಾನ ಸರಳ. ರಿಸೆಪ್ಷನ್ ತರಗತಿಗೆ ಜನವರಿ 15ರೊಳಗೆ ಅರ್ಜಿ ಹಾಕಬೇಕು, ಏಪ್ರಿಲ್ 16ರಂದು ಅಥವಾ ಅದರ ಮುಂದಿನ ಕೆಲಸದ ದಿನದಂದು ಫಲಿತಾಂಶ ಬರುತ್ತದೆ. ಕನಿಷ್ಠ ಮೂರು ಶಾಲೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯಲು ಅವಕಾಶವಿದೆ, ಲಂಡನ್ನಿನಲ್ಲಿ ಆರು. ಬೇಡಿಕೆಯ ಶಾಲೆಯನ್ನು ಮೊದಲು ಬರೆದರೆ ಎರಡನೆಯದೂ ಕೈತಪ್ಪುತ್ತದೆ ಎಂಬ ಭಯ ನಮ್ಮವರಲ್ಲಿ ವ್ಯಾಪಕವಾಗಿದೆ. ಅದಕ್ಕೆ ಆಧಾರವಿಲ್ಲ. ತಮ್ಮ ಹೆಸರನ್ನು ಎಷ್ಟನೆಯದಾಗಿ ಬರೆದಿದ್ದಾರೆ ಎಂಬುದರ ಮೇಲೆ ಶಾಲೆಗಳು ಸೀಟು ಹಂಚುವುದನ್ನು ಸಂಹಿತೆ ನಿಷೇಧಿಸಿದೆ.

ನಿಜವಾದ ಪರೀಕ್ಷೆ ಎದುರಾಗುವುದು ಶಾಲಾ ವರ್ಷ ಆರಂಭವಾದ ಮೇಲೆ ಬಂದವರಿಗೆ. ಅವರು ಹಾಕಬೇಕಾದದ್ದು ಇನ್-ಇಯರ್ ಅರ್ಜಿ, ಅಂದರೆ ವರ್ಷದ ನಡುವಿನ ಅರ್ಜಿ. ಕೆಲವು ಶಾಲೆಗಳ ಅರ್ಜಿಯನ್ನು ಕೌನ್ಸಿಲ್ ಸ್ವೀಕರಿಸುತ್ತದೆ. ಅಕಾಡೆಮಿಗಳು (ಕೌನ್ಸಿಲ್ ನಡೆಸದ, ಸರ್ಕಾರಿ ಅನುದಾನದ ಶಾಲೆಗಳು) ಮತ್ತು ಚರ್ಚ್ ಶಾಲೆಗಳಲ್ಲಿ ಹಲವು ತಾವೇ ಪ್ರವೇಶ ನಿರ್ಧರಿಸುವ ಪ್ರಾಧಿಕಾರಗಳಾಗಿರುವುದರಿಂದ ಅವಕ್ಕೆ ನೇರವಾಗಿ ಬರೆಯಬೇಕಾಗಬಹುದು. ಯಾವುದಕ್ಕೆ ಯಾವ ದಾರಿ ಎಂಬುದು ಕೌನ್ಸಿಲ್‌ನ ಜಾಲತಾಣದಲ್ಲಿ ಇರಲೇಬೇಕು, ನಮ್ಮ ಕೌನ್ಸಿಲ್‌ನಲ್ಲೂ ಇತ್ತು. ಆದರೆ ಸೆಪ್ಟೆಂಬರಿನ ಪ್ರವೇಶದ ಕುರಿತ ಪುಟಗಳ ಅಡಿಯಲ್ಲಿ, ಹುಡುಕಿದವರಿಗೆ ಮಾತ್ರ ಸಿಗುವಂತೆ. ಅರ್ಜಿಗೆ 10 ಶಾಲಾ ದಿನಗಳಲ್ಲಿ ಉತ್ತರಿಸಲು ಪ್ರಯತ್ನಿಸಬೇಕು, 15 ಶಾಲಾ ದಿನಗಳೊಳಗೆ ಉತ್ತರಿಸಲೇಬೇಕು ಎಂಬ ನಿಯಮವಿದೆ. ಶಾಲಾ ದಿನ ಎಂದಾಗ ಶನಿವಾರ, ಭಾನುವಾರ, ನಡುವಣ ರಜೆ, ಕ್ರಿಸ್‌ಮಸ್ ರಜೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಡಿಸೆಂಬರ್ ನಡುವಿನಲ್ಲಿ ಅರ್ಜಿ ಹಾಕಿದವರು ಜನವರಿಯ ಮೂರನೆಯ ವಾರದವರೆಗೂ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿ ಬಂದರೂ ನಿಯಮ ಮುರಿದಂತಾಗುವುದಿಲ್ಲ. ಅದಕ್ಕಿಂತ ಉಪಯುಕ್ತವಾದ ಇನ್ನೊಂದು ನಿಯಮವನ್ನು ಯಾರೂ ಹೇಳುವುದಿಲ್ಲ. ತನ್ನ ವ್ಯಾಪ್ತಿಯ ಎಲ್ಲ ಶಾಲೆಗಳಲ್ಲಿ ಎಲ್ಲೆಲ್ಲಿ ಸೀಟು ಖಾಲಿ ಇದೆ ಎಂಬುದನ್ನು ತಂದೆತಾಯಿ ಕೇಳಿದರೆ ಕೌನ್ಸಿಲ್ ಹೇಳಲೇಬೇಕು. ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕುವ ಮುನ್ನ ಈ ಮಾಹಿತಿ ಪಡೆದವರ ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತದೆ. ಲಂಡನ್ನಿನ ಒಳ ಬರೋಗಳಲ್ಲಿ (ಆಡಳಿತ ವಿಭಾಗಗಳಲ್ಲಿ) ಜನನ ಪ್ರಮಾಣ ಇಳಿದು ಪ್ರಾಥಮಿಕ ಶಾಲೆಗಳು ಮುಚ್ಚುತ್ತಿರುವಾಗ, ಹೊಸ ಬಡಾವಣೆಗಳೆದ್ದ ಬೇರೆ ಊರುಗಳಲ್ಲಿ ಸೀಟಿಗೆ ನೂಕುನುಗ್ಗಲು ಇರಬಹುದು. ಮನೆ ಎಲ್ಲಿ ಹಿಡಿಯುತ್ತೇವೆ ಎಂಬುದೇ ಇಲ್ಲಿ ಮುಕ್ಕಾಲು ಪಾಲು ತೀರ್ಮಾನ.

ಸೀಟು ಇಲ್ಲ ಎಂಬ ಉತ್ತರದ ಹಿಂದಿರುವ ಸಂಖ್ಯೆ 30. ರಿಸೆಪ್ಷನ್, ಇಯರ್ ಒನ್ ಮತ್ತು ಇಯರ್ ಟೂ ತರಗತಿಗಳಲ್ಲಿ ಒಬ್ಬ ಶಿಕ್ಷಕರಿಗೆ 30ಕ್ಕಿಂತ ಹೆಚ್ಚು ಮಕ್ಕಳು ಇರಬಾರದೆಂದು 1998ರ ಕಾಯ್ದೆಯಿಂದಲೇ ಮಿತಿ ಇದೆ. ನಮ್ಮಲ್ಲಿ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡಿದರೆ ಒಂದು ಬೆಂಚು ಹೆಚ್ಚಿಸಿಯಾರು ಎಂಬ ನಿರೀಕ್ಷೆ ಇರುತ್ತದೆ. ಇಲ್ಲಿ ಮುಖ್ಯೋಪಾಧ್ಯಾಯರಿಗೆ ಮನಸ್ಸಿದ್ದರೂ ಆ ಅಧಿಕಾರವಿಲ್ಲ. ಕೆಲವು ವಿನಾಯಿತಿಗಳಿವೆ. ಅವಳಿ ಮಕ್ಕಳಲ್ಲಿ ಒಬ್ಬರು ಮೂವತ್ತನೆಯವರಾಗಿ ಸೇರಿದರೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬಹುದು. ವರ್ಷದ ನಡುವೆ ಆ ಪ್ರದೇಶಕ್ಕೆ ಬಂದು, ಹತ್ತಿರದಲ್ಲಿ ಬೇರೆ ಯಾವ ಶಾಲೆಯಲ್ಲೂ ಸೀಟು ದೊರಕದ ಮಗುವಿಗೂ ವಿನಾಯಿತಿ ದೊರೆಯಬಹುದು. ಈ ಎರಡನೆಯದು ನಮ್ಮಂಥವರಿಗೆಂದೇ ಬರೆದಂತಿದೆ, ಆದರೆ ನಮಗೆ ಬಂದ ನಿರಾಕರಣೆಯ ಪತ್ರದಲ್ಲಿ ಅದರ ಸುಳಿವೂ ಇರಲಿಲ್ಲ.

ಇನ್ನು ವೇಟಿಂಗ್ ಲಿಸ್ಟ್. ಯಾರು ಮೊದಲು ಹೆಸರು ಬರೆಸಿದರು ಎಂಬುದಕ್ಕೆ ಇಲ್ಲಿ ಬೆಲೆಯಿಲ್ಲ, ದಿನಾಂಕದ ಆಧಾರದ ಮೇಲೆ ಆದ್ಯತೆ ಕೊಡುವುದನ್ನೇ ಸಂಹಿತೆ ಸ್ಪಷ್ಟವಾಗಿ ಬೇಡವೆಂದಿದೆ. ಹೊಸ ಹೆಸರು ಸೇರಿದಾಗಲೆಲ್ಲ ಶಾಲೆ ಪ್ರಕಟಿಸಿರುವ ಮಾನದಂಡಗಳಂತೆ ಇಡೀ ಪಟ್ಟಿಯನ್ನು ಮತ್ತೆ ಜೋಡಿಸಬೇಕು. ಸರ್ಕಾರದ ಪೋಷಣೆಯಲ್ಲಿರುವ ಮಕ್ಕಳು ಎಲ್ಲೆಡೆ ಮೊದಲು. ಆಮೇಲೆ ಸಾಮಾನ್ಯವಾಗಿ ಅದೇ ಶಾಲೆಯಲ್ಲಿ ಒಡಹುಟ್ಟಿದವರು ಓದುತ್ತಿರುವ ಮಕ್ಕಳು, ಅನಂತರ ಮನೆಯಿಂದ ಶಾಲೆಗಿರುವ ದೂರ. ಹೀಗಾಗಿ ಪಟ್ಟಿಯಲ್ಲಿ ನಮ್ಮ ಸ್ಥಾನ ಮೇಲೇರಿದಂತೆಯೇ ಕೆಳಗೂ ಇಳಿಯುತ್ತದೆ. ನಮ್ಮ ಮಗನ ಸ್ಥಾನ ಇಳಿದಾಗ, ಯಾರೋ ಪ್ರಭಾವ ಬೀರಿ ಮುಂದೆ ಹೋದರೆಂದೇ ನನ್ನ ಹೆಂಡತಿಗೆ ಅನಿಸಿತು. ಕಾರಣ ಅಷ್ಟೇನೂ ದೊಡ್ಡದಲ್ಲ: ಶಾಲೆಗೆ ನಮಗಿಂತ ಹತ್ತಿರದ ಬೀದಿಗೆ ಒಂದು ಕುಟುಂಬ ಬಂದಿತ್ತು. ಇದನ್ನು ಒಂದು ವಾಕ್ಯದಲ್ಲಿ ವಿವರಿಸಬಹುದಾಗಿದ್ದ ಕೌನ್ಸಿಲ್‌ನ ದೂರವಾಣಿ ಸಿಬ್ಬಂದಿ, ಪಟ್ಟಿ ಬದಲಾಗುತ್ತಿರುತ್ತದೆ, ಕಾಯಿರಿ ಎಂದಷ್ಟೇ ಹೇಳಿದರು. ನ್ಯಾಯವಾದ ವ್ಯವಸ್ಥೆಯೊಂದು ವಿವರಣೆಯ ಕೊರತೆಯಿಂದ ಅನ್ಯಾಯದಂತೆ ಕಾಣಿಸುವುದು ನನಗೆ ತುಂಬ ನೋವು ತಂದ ಸಂಗತಿ, ಏಕೆಂದರೆ ಭಾಷೆ ಹೊಸದಾದ ತಂದೆತಾಯಿ ಅಷ್ಟಕ್ಕೇ ಸೋತು ಪಟ್ಟಿಯಿಂದ ಹೆಸರು ತೆಗೆಸಿಬಿಡುತ್ತಾರೆ.

ಅಣ್ಣತಂಗಿಯರ ವಿಷಯದಲ್ಲಿ ಈ ಕೊರತೆ ಇನ್ನೂ ದುಬಾರಿಯಾಗುತ್ತದೆ. ಮನೆಯ ಹತ್ತಿರದ ಶಾಲೆ ಎರಡೂ ತರಗತಿಗಳಲ್ಲಿ ಭರ್ತಿಯಾಗಿದ್ದುದರಿಂದ ನಮ್ಮ ಮಕ್ಕಳಿಗೆ ಬೇರೆ ಬೇರೆ ಶಾಲೆಗಳು ದೊರೆತವು, ಬೆಳಿಗ್ಗೆ ಎರಡೂ ಕಡೆ ಒಂದೇ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಕೆಲವು ವಾರಗಳ ಬಳಿಕ ಹತ್ತಿರದ ಶಾಲೆಯಲ್ಲಿ ಮಗಳಿಗೆ ಸೀಟು ಬಂತು. ಆ ಕ್ಷಣದಿಂದಲೇ ಮಗ ಆ ಶಾಲೆಯ ವಿದ್ಯಾರ್ಥಿನಿಯ ಅಣ್ಣನಾದ. ಆ ಶಾಲೆಯ ನಿಯಮದಂತೆ ಪಟ್ಟಿಯಲ್ಲಿ ಅವನ ಸ್ಥಾನ ಬಹಳ ಮೇಲೇರಬೇಕಿತ್ತು. ಆದರೆ ಪಟ್ಟಿ ಹಾಗೆಯೇ ಉಳಿಯಿತು, ನಾವು ಬರೆದು ತಿಳಿಸಿದ ಮೇಲಷ್ಟೇ ಬದಲಾಯಿತು. ಒಂದೇ ವಿಳಾಸದ, ಒಂದೇ ಅರ್ಜಿದಾರರ ಇಬ್ಬರು ಮಕ್ಕಳನ್ನು ಜೋಡಿಸಿ ನೋಡುವುದು ಕೌನ್ಸಿಲ್‌ನ ಕೆಲಸವಾಗಬೇಕು. ಆಗುವವರೆಗೆ, ಇಬ್ಬರು ಮಕ್ಕಳಿರುವವರು ಒಬ್ಬರಿಗೆ ಸೀಟು ಬಂದ ದಿನವೇ ಇನ್ನೊಬ್ಬರ ಅರ್ಜಿ ಸಂಖ್ಯೆಯೊಂದಿಗೆ ಮಿಂಚಂಚೆ ಕಳುಹಿಸಿಬಿಡಿ.

ಕೊಟ್ಟ ಸೀಟನ್ನು ಒಪ್ಪಿಕೊಂಡರೆ ಬಯಸಿದ ಶಾಲೆಯ ಪಟ್ಟಿಯಿಂದ ಹೆಸರು ಹೋಗುತ್ತದೆಂದು ಹೆದರಿ ಮಗುವನ್ನು ಮನೆಯಲ್ಲೇ ಇರಿಸಿಕೊಂಡ ಕುಟುಂಬಗಳನ್ನು ನೋಡಿದ್ದೇನೆ. ಹಾಗೆ ಆಗುವುದಿಲ್ಲ. ದೂರದ ಶಾಲೆಯನ್ನು ಒಪ್ಪಿಕೊಂಡೂ ಪಟ್ಟಿಯಲ್ಲಿರಬಹುದು, ಅಪೀಲನ್ನೂ ಸಲ್ಲಿಸಬಹುದು. ಸೀಟು ಸಿಗಬಹುದಾದ ಅತಿ ಹತ್ತಿರದ ತಕ್ಕ ಶಾಲೆಯೇ 8 ವರ್ಷದೊಳಗಿನ ಮಗುವಿಗೆ 2 ಮೈಲಿಗಿಂತ ದೂರದಲ್ಲಿದ್ದರೆ ಉಚಿತ ಸಾರಿಗೆಯ ಹಕ್ಕೂ ಇದೆ. 8 ದಾಟಿದವರಿಗೆ ಆ ಮಿತಿ 3 ಮೈಲಿ. ಇದನ್ನೂ ಕೇಳಿಯೇ ಪಡೆಯಬೇಕು. ರಿಸೆಪ್ಷನ್‌ಗೆ ಡಿಸೆಂಬರ್ 31ರವರೆಗೆ ಪಟ್ಟಿ ಇರಿಸಿಕೊಳ್ಳುವುದು ಕಡ್ಡಾಯ, ಆಮೇಲೆ ಆಯಾ ಪ್ರಾಧಿಕಾರದ ಇಚ್ಛೆ. ಮತ್ತೆ ಬರೆದು ಖಚಿತಪಡಿಸದಿದ್ದರೆ ಹೆಸರು ತೆಗೆದುಹಾಕುವ ಕೌನ್ಸಿಲ್‌ಗಳೂ ಇರುವುದರಿಂದ, ಪ್ರತಿ ಶಾಲಾ ಅವಧಿಯ (ಟರ್ಮ್) ಕೊನೆಯಲ್ಲಿ ವಿಚಾರಿಸುವುದು ಕ್ಷೇಮ.

ಕರ್ನಾಟಕದಿಂದ ಬಂದವರನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ವಯಸ್ಸಿನ ಲೆಕ್ಕ. ನಮ್ಮ ರಾಜ್ಯದಲ್ಲಿ ಒಂದನೆಯ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು ತಂದು, 2025ರ ಏಪ್ರಿಲ್‌ನಲ್ಲಿ, ಅನೇಕ ಖಾಸಗಿ ಶಾಲೆಗಳ ಪ್ರವೇಶ ಮುಗಿದ ಮೇಲೆ, ಆ ಒಂದು ವರ್ಷಕ್ಕೆ ಮಾತ್ರ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಇಂಗ್ಲೆಂಡಿನಲ್ಲಿ ನೋಡುವುದು ಆಗಸ್ಟ್ 31ಕ್ಕೆ ಎಷ್ಟು ವರ್ಷ ತುಂಬಿದೆ ಎಂಬುದನ್ನು. 2019ರ ಜುಲೈನಲ್ಲಿ ಹುಟ್ಟಿದ ಮಗುವಿಗೆ ಆ ಸಡಿಲಿಕೆ ಇಲ್ಲದಿದ್ದರೆ 2025ರ ಜೂನಿನಲ್ಲಿ ಯುಕೆಜಿಯಲ್ಲೇ ಉಳಿಯಬೇಕಾಗುತ್ತಿತ್ತು, ಸಡಿಲಿಕೆಯಿಂದ ಒಂದನೆಯ ತರಗತಿ. ಅದೇ ಮಗು 2025ರ ಸೆಪ್ಟೆಂಬರಿನಲ್ಲಿ ಇಲ್ಲಿ ಇಯರ್ ಟೂ. ಅಲ್ಲಿ ಅಕ್ಷರ ಕೂಡಿಸುತ್ತಿದ್ದ ಮಗು ಇಲ್ಲಿ ಆಗಲೇ ಎರಡು ವರ್ಷ ಶಾಲೆಯಲ್ಲಿ ಕಳೆದ ಮಕ್ಕಳ ನಡುವೆ ಕೂರುತ್ತದೆ. ಕೆಳಗಿನ ತರಗತಿಗೆ ಸೇರಿಸಿ ಎಂದು ಮನವಿ ಮಾಡಬಹುದು, ಮಗುವಿನ ಹಿತವನ್ನು ನೋಡಿ ಪ್ರಾಧಿಕಾರ ತೀರ್ಮಾನಿಸುತ್ತದೆ. ನಾವು ಮನವಿ ಮಾಡಲಿಲ್ಲ, ಮಗನ ತರಗತಿಯ ಶಿಕ್ಷಕಿ ಕೊಟ್ಟ ಹೆಚ್ಚಿನ ಓದಿನ ನೆರವು ಸಾಕಾಯಿತು.

ಕಾಗದಪತ್ರಗಳ ವಿಚಾರ ಸುಲಭ. ಊರಿನ ಶಾಲೆಯಿಂದ ಜೋಪಾನವಾಗಿ ತಂದ ಟಿ.ಸಿ.ಯನ್ನು ನಮ್ಮಿಂದ ಯಾರೂ ಕೇಳಲಿಲ್ಲ. ಜನನ ಪ್ರಮಾಣಪತ್ರ ಮತ್ತು ವಿಳಾಸದ ಪುರಾವೆ ಸಾಕಾದವು. ಡೊನೇಷನ್ ಇಲ್ಲ, ತಂದೆತಾಯಿಯ ಅಥವಾ ಮಗುವಿನ ಸಂದರ್ಶನವಿಲ್ಲ, ತಂದೆಯ ಉದ್ಯೋಗ ಕೇಳುವಂತಿಲ್ಲ. ಇವೆಲ್ಲವನ್ನೂ ಸಂಹಿತೆ ನಿಷೇಧಿಸಿದೆ. ನರ್ಸರಿ ಸೀಟಿಗೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕೂತು ಬಂದಿದ್ದ ನಮಗೆ ಇದರಿಂದ ದೊರೆತ ನೆಮ್ಮದಿ ಸಣ್ಣದಲ್ಲ, ಈ ಒಂದು ಕಾರಣಕ್ಕೇ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡಲು ಮನಸ್ಸಾಗುತ್ತದೆ. ಮೇಲೆ ಹೇಳಿದ ಕೊರತೆಗಳಿಗಾಗಿ ಮೂರು ಕೊಡುತ್ತೇನೆ.

ಅಪೀಲಿನ ಬಗ್ಗೆ ಎಚ್ಚರದ ಮಾತು. ನಿರಾಕರಣೆಯ ಪತ್ರದಲ್ಲಿ ಕಾರಣವೂ ಅಪೀಲಿನ ಹಕ್ಕೂ ಇರಲೇಬೇಕು, ಸ್ವತಂತ್ರ ಸಮಿತಿ ಅದನ್ನು ಕೇಳುತ್ತದೆ. ಆದರೆ ಇಯರ್ ಟೂವರೆಗಿನ ತರಗತಿಗಳಲ್ಲಿ 30ರ ಮಿತಿಯೇ ಕಾರಣವಾದಾಗ, ಪ್ರವೇಶದ ನಿಯಮಗಳನ್ನು ತಪ್ಪಾಗಿ ಅನ್ವಯಿಸಿದ್ದಾರೆ ಅಥವಾ ನಿರ್ಧಾರವೇ ವಿವೇಕಕ್ಕೆ ನಿಲುಕದ್ದು ಎಂದು ತೋರಿಸದ ಹೊರತು ಗೆಲ್ಲುವುದು ಬಹಳ ಕಷ್ಟ. ಇಯರ್ ತ್ರೀಯಿಂದ ಮುಂದೆ ಆ ಕಾನೂನಿನ ಮಿತಿ ಇಲ್ಲವಾದ್ದರಿಂದ, ಮಗುವಿಗೆ ಆ ಶಾಲೆಯೇ ಏಕೆ ಬೇಕೆಂಬ ವಾದಕ್ಕೆ ನಿಜವಾದ ತೂಕ ಬರುತ್ತದೆ.

ಮಗನ ಸೀಟು ಈಸ್ಟರ್ ರಜೆಯ ನಂತರ ಬಂತು. ಉತ್ತರಿಸಲು ಕೊಟ್ಟ ಗಡುವು ಕೆಲವೇ ದಿನಗಳದ್ದು. ಅಷ್ಟರಲ್ಲಿ ಅವನು ದೂರದ ಶಾಲೆಯಲ್ಲಿ ಗೆಳೆಯರನ್ನು ಮಾಡಿಕೊಂಡಿದ್ದ, ಮತ್ತೆ ಹೊಸ ಶಾಲೆ ಎಂದಾಗ ಅತ್ತ. ಮುಂದಿನ ಸೆಪ್ಟೆಂಬರಿಗೆ ಅದೇ ಸೀಟನ್ನು ಕಾಯ್ದಿರಿಸಬಹುದೇ ಎಂದು ಕೇಳಿದೆವು, ಸಾಧ್ಯವಿಲ್ಲ ಎಂದರು. ಪಟ್ಟಿಯಲ್ಲಿ ಮುಂದಿನ ಮಗುವೂ ಕಾಯುತ್ತಿರುವಾಗ ಅದು ಸರಿಯಾದ ಉತ್ತರವೇ. ಹೊಸ ಶಾಲೆಯ ಕಚೇರಿಯವರು ಅವನನ್ನು ಒಂದು ಮಧ್ಯಾಹ್ನ ಕರೆದು, ತಂಗಿಯ ತರಗತಿಯನ್ನೂ ಅವನು ಕೂರಲಿದ್ದ ತರಗತಿಯನ್ನೂ ತೋರಿಸಿದ ಮೇಲೆ ಅವನೇ ಒಪ್ಪಿದ. ತಡವಾಗಿ ಶಾಲೆ ಬದಲಿಸುವ ಪ್ರತಿ ಮಗುವಿಗೂ ಇಂಥ ಒಂದು ಭೇಟಿಯನ್ನು, ಗಡುವು ಮುಗಿಯುವ ಮುನ್ನವೇ, ಸೀಟಿನ ಪತ್ರದಲ್ಲಿಯೇ ಕೌನ್ಸಿಲ್ ನಮೂದಿಸಿ ಕೊಡಬೇಕೆಂದು ನಾನು ಅವರ ಅಭಿಪ್ರಾಯ ನಮೂನೆಯಲ್ಲಿ ಬರೆದಿದ್ದೇನೆ.