ಯಮಾಹಾ ಎ-ಎಸ್301: ಜೋರು ಗಂಟಲಿನ ಸ್ಪೀಕರಿಗೆ ಸದ್ದಿಲ್ಲದ ಆಂಪ್

ಕ್ಲಿಪ್ಷ್ ಆರ್‌ಪಿ-600ಎಂ ಸ್ಪೀಕರ್ ಇಟ್ಟುಕೊಂಡವರು ಆಂಪ್ಲಿಫೈಯರ್ ಕೇಳಿದರೆ ಅಂಗಡಿಯವರು ಶುರು ಮಾಡೋದೇ ವ್ಯಾಟ್ ಲೆಕ್ಕದಿಂದ. ಹೂಂ ಅಂದು ಕೇಳಿಸಿಕೊಳ್ಳಿ, ಆದರೆ ಅದರ ಮೇಲೆ ದುಡ್ಡು ಹಾಕಬೇಡಿ. ಈ ಸ್ಪೀಕರಿನ ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ ಎಷ್ಟು ಜೋರು ಅನ್ನೋದು) 96 ಡೆಸಿಬಲ್ ಅಂತ ಕಂಪನಿ ಬರೆದಿದೆ. ಅಷ್ಟೇ ಜೋರಾಗಿ ಹಾಡಲು 86 ಡೆಸಿಬಲ್ ಸ್ಪೀಕರಿಗೆ ಹತ್ತು ಪಟ್ಟು ಪವರ್ ಬೇಕು. ಕಂಪನಿಯ ಅಂಕಿಯಿಂದ ನಾಲ್ಕೈದು ಡೆಸಿಬಲ್ ಕಳೆದು ನೋಡಿದರೂ, ನಮ್ಮ ಮನೆ ಹಾಲ್‌ನಲ್ಲಿ ರಾತ್ರಿ ಕೇಳುವ ಮಟ್ಟಕ್ಕೆ ಒಂದು ವ್ಯಾಟ್ ಕೂಡ ಪೂರ್ತಿ ಖರ್ಚಾಗಲ್ಲ.

ಹಾಗಾದರೆ ಯಾವ ಅಗ್ಗದ ಡಬ್ಬಿಯಾದರೂ ಆಗುತ್ತಲ್ಲ? ಪವರಿಗೇನೋ ಆಗುತ್ತೆ. ಆದರೆ ಸ್ಪೀಕರಿಗೆ ಹಾಡು ಯಾವುದು, ಆಂಪಿನ ಒಳಗೇ ಹುಟ್ಟುವ ಹಿಸ್ (ಸುಯ್ ಅನ್ನುವ ಸದ್ದು) ಯಾವುದು ಅಂತ ಭೇದವಿಲ್ಲ. ಹಾಡನ್ನು ಹತ್ತು ಡೆಸಿಬಲ್ ಜೋರು ಮಾಡಿದ ಹಾಗೇ ಹಿಸ್ಸನ್ನೂ ಹತ್ತು ಡೆಸಿಬಲ್ ಜೋರು ಮಾಡುತ್ತೆ, ಅದೂ ಹಾರ್ನಿನ (ಸ್ಪೀಕರಿನ ಕಹಳೆಯಂಥ ಬಾಯಿಯ) ಮೂಲಕ ನೇರ ಕಿವಿಗೆ.

ಇದಕ್ಕೆ ಮುಂಚೆ ನನ್ನ ಹತ್ತಿರ ಟಿಪಿಎ3116 ಚಿಪ್ಪಿನ ಒಂದು ಪುಟ್ಟ ಕ್ಲಾಸ್-ಡಿ ಆಂಪ್ ಇತ್ತು. ಡಬ್ಬದ ಮೇಲೆ 100+100 ವ್ಯಾಟ್. ಜೊತೆಗೆ ಕೊಟ್ಟದ್ದು 24 ವೋಲ್ಟಿನ ಅಡಾಪ್ಟರ್. ಆ ವೋಲ್ಟೇಜಿನಲ್ಲಿ 8 ಓಮ್ ಸ್ಪೀಕರಿಗೆ ಕಾಗದದ ಲೆಕ್ಕದಲ್ಲೇ 36 ವ್ಯಾಟ್ ದಾಟಲ್ಲ. ಆ ಸುಳ್ಳಿನಿಂದ ನನಗೇನೂ ನಷ್ಟವಾಗಲಿಲ್ಲ, ಬೇಕಿದ್ದದ್ದೇ ಒಂದು ವ್ಯಾಟ್. ಕಾಡಿದ್ದು ಬೇರೆ ಎರಡು ಸಂಗತಿ. ಡಿಎಸಿ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ ಮಾಡುವ ಡಬ್ಬಿ) 2 ವೋಲ್ಟ್ ಕಳಿಸುತ್ತೆ, ಆಂಪಿನ ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ವಿಪರೀತ, ಸ್ಪೀಕರ್ ಇಂಥದ್ದು: ವಾಲ್ಯೂಮ್ ನಾಬ್ ಒಂಚೂರು ತಿರುಗಿಸಿದರೆ ಪಕ್ಕದ ಮನೆಗೂ ಕೇಳುತ್ತೆ. ಅಷ್ಟು ಕೆಳಗೆ ಅಗ್ಗದ ನಾಬಿನ ಎಡ-ಬಲ ಸಮ ಇರಲ್ಲ, ಗಾಯಕರು ಎಡಗಡೆಗೆ ವಾಲಿ ಕೂತಿರುತ್ತಾರೆ. ಇದನ್ನು ಡಿಎಸಿಯ ವಾಲ್ಯೂಮ್ ಇಳಿಸಿ ಸರಿ ಮಾಡಬಹುದು. ಹಿಸ್ಸಿಗೆ ಆ ಮದ್ದು ನಾಟಲ್ಲ. ಅದು ಹುಟ್ಟೋದು ನಾಬ್ ದಾಟಿದ ಮೇಲೆ, ಹಾಗಾಗಿ ನಾಬ್ ಸೊನ್ನೆಯಲ್ಲಿದ್ದರೂ ಸುಯ್ ಅನ್ನುತ್ತಲೇ ಇರುತ್ತೆ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟು ಕರಗುತ್ತಾ ಹೋಗುವ ಆ ಕೊನೆಯ ಎಳೆ ಇದೆಯಲ್ಲ, ಹಿಸ್ ಮೊದಲು ನುಂಗುವುದು ಅದನ್ನೇ. ಸಿನಿಮಾ ಹಾಡು ಮಾತ್ರ ಕೇಳುವವರಿಗೆ ಇದು ಗೊತ್ತೂ ಆಗಲಿಕ್ಕಿಲ್ಲ.

ಎ-ಎಸ್301 ಅನ್ನು ಸೆಕೆಂಡ್ ಹ್ಯಾಂಡ್ ತಂದೆ. ಚಾನೆಲ್ಲಿಗೆ 60 ವ್ಯಾಟ್, 9 ಕೆಜಿ ತೂಕ, ಒಳಗೆ ಹಳೆ ಕಾಲದ ದೊಡ್ಡ ಟ್ರಾನ್ಸ್‌ಫಾರ್ಮರ್. ಹಾರ್ನಿಗೆ ಕಿವಿ ಅಂಟಿಸಿದರೆ ಸಣ್ಣ ಸದ್ದು ಇದೆ. ಎರಡಡಿ ಹಿಂದೆ ಸರಿದರೆ ಇಲ್ಲ. ವರ್ಷಗಳಾದರೂ ಅದು ಹೆಚ್ಚಿಲ್ಲ.

ಇದರಲ್ಲಿ ನಾನು ಅತಿ ಹೆಚ್ಚು ಬಳಸೋದು ಲೌಡ್‌ನೆಸ್ ನಾಬ್. ಸದ್ದು ಇಳಿಸಿದಾಗ ಕಿವಿಗೆ ಬಾಸ್ ಕಮ್ಮಿ ಕೇಳುತ್ತೆ, ಅದನ್ನು ಸರಿದೂಗಿಸೋದೇ ಇದರ ಕೆಲಸ. ಬೇರೆ ಆಂಪ್‌ಗಳಲ್ಲಿ ಇದು ಇದ್ದರೂ ಸಾಮಾನ್ಯವಾಗಿ ಬರೀ ಆನ್-ಆಫ್ ಬಟನ್, ಒತ್ತಿದರೆ ಬಾಸ್ ಧಗ್ಗನೆ ಏರುತ್ತೆ. ಇಲ್ಲಿ ಕ್ರಮವೇ ಬೇರೆ. ಲೌಡ್‌ನೆಸ್ಸನ್ನು ಫ್ಲಾಟ್‌ನಲ್ಲಿಟ್ಟು, ನೀವು ಕೇಳುವ ಅತಿ ಜೋರಿನ ಮಟ್ಟಕ್ಕೆ ವಾಲ್ಯೂಮ್ ಏರಿಸಿ. ಆಮೇಲೆ ಲೌಡ್‌ನೆಸ್ ನಾಬಿನಿಂದಲೇ ಸದ್ದು ಇಳಿಸಿ. ಅದು ಮಧ್ಯದ ಸ್ವರಗಳನ್ನು ಹೆಚ್ಚು ತಗ್ಗಿಸುತ್ತೆ, ಹಾಗಾಗಿ ಮಕ್ಕಳು ಮಲಗಿದ ಮೇಲೂ ಮೃದಂಗದ ತೊಪ್ಪಿ (ಎಡಗಡೆಯ ದಪ್ಪ ನಾದ) ತೆಳುವಾಗಲ್ಲ. ಸೆನ್ಸಿಟಿವ್ ಸ್ಪೀಕರಿಗೆ ಇನ್ನೊಂದು ಉಪಕಾರ: ವಾಲ್ಯೂಮ್ ನಾಬ್ ತಳಕ್ಕಂಟಿಕೊಳ್ಳದೆ ಮೇಲೇ ಇರುತ್ತೆ. ಪ್ಯೂರ್ ಡೈರೆಕ್ಟ್ (ಸಿಗ್ನಲನ್ನು ಟೋನ್ ನಾಬ್‌ಗಳ ದಾರಿ ಬಿಟ್ಟು ನೇರ ಕಳಿಸುವ ಬಟನ್) ಒತ್ತಿದರೆ ಲೌಡ್‌ನೆಸ್ ತಪ್ಪಿಹೋಗುತ್ತೆ, ಅದಕ್ಕೇ ನಾನು ಅದನ್ನು ಮುಟ್ಟಲ್ಲ. ಶುದ್ಧವಾದಿಗಳು ಬೈದುಕೊಳ್ಳಲಿ.

ಆಪ್ಟಿಕಲ್ ಇನ್‌ಪುಟ್ ಇರುವುದರಿಂದ ಟಿವಿ ನೇರ ಸೇರುತ್ತೆ, ರೆಕಾರ್ಡ್ ಪ್ಲೇಯರಿಗೆ ಫೋನೊ ಇದೆ. ಬ್ಲೂಟೂತ್ ಇಲ್ಲ, ಯುಎಸ್‌ಬಿಯೂ ಇಲ್ಲ. ಮನೆಯವರ ತಕರಾರು ಪೂರ್ತಿ ಅದರ ಮೇಲೇ, ಫೋನಿಂದ ಹಾಕಕ್ಕಾಗಲ್ಲ ಅಂತ. ಒಂದು ಸಣ್ಣ ಬ್ಲೂಟೂತ್ ರಿಸೀವರ್ ಸಿಕ್ಕಿಸಿ ಸಮಾಧಾನ ಮಾಡಿದ್ದಾಯಿತು.

ಕರೆಂಟ್ ಹೋಗಿ ಮನೆಯ ಯುಪಿಎಸ್‌ಗೆ ಬಂದಾಗ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತಿತ್ತು. ನಮ್ಮದು ಸ್ಕ್ವೇರ್ ವೇವ್ ಮಾದರಿ, ಆಂಪಿನ ತಪ್ಪಲ್ಲ. ಸೈನ್ ವೇವ್‌ಗೆ ಬದಲಾಯಿಸಿದ ಮೇಲೆ ನಿಂತಿತು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊಳ್ಳುವ ಮುಂಚೆ ನಿಮ್ಮ ಸ್ಪೀಕರನ್ನೇ ಜೋಡಿಸಿ, ಏನೂ ಹಾಕದೆ, ಫ್ಯಾನ್ ಆರಿಸಿ ಕೇಳಿ. ಅಂಗಡಿಯ ಎಸಿ ಸದ್ದಿನಲ್ಲಿ ಯಾವ ಹಿಸ್ಸೂ ಕೇಳಿಸಲ್ಲ, ಮನೆಗೆ ತಂದು ನೋಡಲು ಒಪ್ಪುವವರ ಹತ್ತಿರವೇ ವ್ಯಾಪಾರ ಮಾಡಿ.