ಟಿಟಿ-02 ಕಿಟ್: ಕಟ್ಟುವ ಮೊದಲೇ ಬದಲಿಸಬೇಕಾದದ್ದು, ಆಮೇಲೆ ಬದಲಿಸಿದರೂ ನಡೆಯುವಂಥದ್ದು

ರಿಮೋಟ್ ಕಾರನ್ನು ಬಿಡಿಭಾಗಗಳಿಂದ ಕಟ್ಟಲು ಹೊರಟವರಿಗೆ ಹೆಚ್ಚಾಗಿ ಸಿಗುವ ಸಲಹೆ ತಮಿಯಾ ಕಂಪನಿಯ ಟಿಟಿ-02. 2013ರಲ್ಲಿ ಬಂದ ಚಾಸಿ ಇದು. 1/10 ಅಳತೆ, ಶಾಫ್ಟ್ ಮೂಲಕ ನಾಲ್ಕೂ ಚಕ್ರಕ್ಕೆ ಎಳೆತ, ಹಿಂದೆ ಮುಂದೆ ಎರಡೂ ಕಡೆ ಗೇರ್ ಡಿಫ್ (ಡಿಫರೆನ್ಶಿಯಲ್, ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಗುಚ್ಛ). ಮೇಲೆ ಯಾವ ಕಾರಿನ ಬಾಡಿ ಕೂತಿದ್ದರೂ ಒಳಗಿನ ಕೆಲಸ ಒಂದೇ.

"ಡಬ್ಬಿಯಲ್ಲಿ ಬಂದ ಹಾಗೇ ಕಟ್ಟಿ ಓಡಿಸಿ, ಆಮೇಲೆ ಒಂದೊಂದೇ ಬದಲಿಸಿ" ಎನ್ನುವವರು ಬಹಳ. ಮೋಟಾರು, ಶಾಕ್ ಅಬ್ಸಾರ್ಬರ್ ಮಟ್ಟಿಗೆ ಈ ಮಾತು ಸರಿ. ಬೇರಿಂಗ್ ಮತ್ತು ಡಿಫ್ ಮಟ್ಟಿಗೆ ನಾವು ಇದನ್ನು ಒಪ್ಪುವುದಿಲ್ಲ. ಈ ಚಾಸಿಯ ಬಹುತೇಕ ಸ್ಕ್ರೂಗಳು ಪ್ಲಾಸ್ಟಿಕ್‌ನಲ್ಲಿ ತಾವೇ ಥ್ರೆಡ್ ಕೊರೆದುಕೊಂಡು ಕೂರುವಂಥವು. ಬಿಚ್ಚಿ ಹಾಕಿದಷ್ಟೂ ಆ ಥ್ರೆಡ್ ಸವೆಯುತ್ತದೆ. ಡಿಫ್ ತನಕ ತಲುಪಲು ಗೇರ್‌ಬಾಕ್ಸ್ ತೆರೆಯಬೇಕು, ಬುಷ್ (ಆಕ್ಸಲ್ ತಿರುಗುವ ಪ್ಲಾಸ್ಟಿಕ್ ಬಳೆ; ಬೇರಿಂಗ್ ಕೂರುವುದು ಇದರ ಜಾಗದಲ್ಲೇ) ಬದಲಿಸಲು ನಾಲ್ಕೂ ಚಕ್ರದ ಹಬ್ ಬಿಚ್ಚಬೇಕು. ಶಾಕ್ ಮತ್ತು ಮೋಟಾರಿಗೆ ನಾಲ್ಕಾರು ಸ್ಕ್ರೂ ಸಾಕು. ಕೆಳಗಿನ ಹೋಲಿಕೆಗಳಲ್ಲಿ ಚಾಸಿ, ಟೈರು ಒಂದೇ ಇಟ್ಟು, ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ ನೋಡಿದ್ದೇವೆ.

ಬಿಚ್ಚಲೇಬೇಕಾಗಿ ಬಂದರೆ ಒಂದು ಉಪಾಯವಿದೆ. ಮರಳಿ ಹಾಕುವಾಗ ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ. ಹಳೆಯ ಥ್ರೆಡ್ ಸಿಕ್ಕಿದಾಗ ಅದು ಸಣ್ಣಗೆ ಟಕ್ ಎಂದು ಕೆಳಗಿಳಿಯುತ್ತದೆ, ಅಲ್ಲಿಂದ ಬಿಗಿಯಿರಿ. ನೇರವಾಗಿ ಬಿಗಿದರೆ ಹೊಸ ಥ್ರೆಡ್ ಕೊರೆದು ತೂತು ದೊಡ್ಡದಾಗುತ್ತದೆ. ಸ್ಕ್ರೂಡ್ರೈವರ್ ಜಪಾನಿನ ಜೆಐಎಸ್ ಮೂತಿಯದ್ದೇ ಇರಲಿ. ಸಾಮಾನ್ಯ ಫಿಲಿಪ್ಸ್ ಮೂತಿ ಜಾರಿ ಸ್ಕ್ರೂವಿನ ತಲೆ ತಿನ್ನುತ್ತದೆ. 3×10 ಮಿ.ಮೀ. ಸ್ಕ್ರೂಗಳಲ್ಲಿ ಎರಡು ಜಾತಿ: ದೊಡ್ಡ ಥ್ರೆಡ್‌ನದು ಪ್ಲಾಸ್ಟಿಕ್‌ಗೆ, ಸಣ್ಣ ಥ್ರೆಡ್‌ನದು ನಟ್ ಅಥವಾ ಲೋಹಕ್ಕೆ. ಅದಲುಬದಲಾದರೆ ಮೊದಲ ದಿನ ಗೊತ್ತಾಗುವುದಿಲ್ಲ, ಓಡುತ್ತ ಓಡುತ್ತ ಕಳಚಿಕೊಳ್ಳುತ್ತದೆ.

ಬುಷ್ ಎದುರು ಬೇರಿಂಗ್

ಸಾಮಾನ್ಯ ಕಿಟ್‌ನಲ್ಲಿ ಪ್ಲಾಸ್ಟಿಕ್ ಬುಷ್‌ಗಳಿರುತ್ತವೆ. ಹೊಸದಾಗಿ, ಗ್ರೀಸ್ ಹಚ್ಚಿದಾಗ, ಗುಡಿಸಿದ ನೆಲದ ಮೇಲೆ ಏನೂ ತೊಂದರೆಯಿಲ್ಲ. ತಾರಸಿಯ ಸಿಮೆಂಟ್ ದೂಳು ಅಥವಾ ರಸ್ತೆಯ ಮಣ್ಣು ಸೇರಿದ ಮೇಲೆ ಕಥೆ ಬೇರೆ. ಗ್ರೀಸ್‌ಗೆ ಅಂಟಿದ ದೂಳು ಉಜ್ಜುಕಾಗದದ ಕೆಲಸ ಮಾಡುತ್ತದೆ: ಬುಷ್‌ನ ತೂತು ಅಗಲವಾಗಿ ಚಕ್ರ ಅಲ್ಲಾಡುತ್ತದೆ, ಆಕ್ಸಲ್ ಸವೆಯುತ್ತದೆ, ಅದೇ ವೇಗಕ್ಕೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಚಕ್ರ ಅಲ್ಲಾಡಿದರೆ ಕಾರು ನೇರಕ್ಕೆ ಹೋಗದು. ತಪ್ಪು ಸ್ಟೀರಿಂಗ್‌ನದೆಂದು ಹುಡುಕುತ್ತ ಕೂರುವವರೇ ಜಾಸ್ತಿ.

ಇದಕ್ಕೆ ಬೇಕಾದದ್ದು 5×11×4 ಮಿ.ಮೀ. ಬೇರಿಂಗ್ 16. ರಿಮೋಟ್ ಕಾರಿನ ಅಂಗಡಿಯಲ್ಲಿ 1150 ಎನ್ನುತ್ತಾರೆ, ಬೇರಿಂಗ್ ಅಂಗಡಿಯಲ್ಲಿ ಎಂಆರ್115 ಎಂದು ಕೇಳಬೇಕು. ಹೆಸರಿನ ಕೊನೆಯಲ್ಲಿ ಝಡ್‌ಝಡ್ ಇದ್ದರೆ ಲೋಹದ ಮುಚ್ಚಳ, 2ಆರ್‌ಎಸ್ ಇದ್ದರೆ ರಬ್ಬರ್ ಸೀಲ್. ಕೈಯಲ್ಲಿ ತಿರುಗಿಸಿದರೆ ಲೋಹದ್ದೇ ಹಗುರವಾಗಿ ತಿರುಗುತ್ತದೆ, ಅದನ್ನು ನೋಡಿಯೇ ಅನೇಕರು ಕೊಳ್ಳುತ್ತಾರೆ. ಆದರೆ ಆ ಮುಚ್ಚಳದ ಸುತ್ತ ಕೂದಲೆಳೆಯ ಸಂದಿ ಇದ್ದೇ ಇರುತ್ತದೆ, ದೂಳು ಅಲ್ಲಿಂದಲೇ ಒಳಗೆ ಹೋಗುತ್ತದೆ. ಚಕ್ರದ ಹಬ್‌ಗಳ 8ಕ್ಕೆ ರಬ್ಬರ್ ಸೀಲ್‌ನದು, ಗೇರ್‌ಬಾಕ್ಸ್ ಒಳಗಿನ 8ಕ್ಕೆ ಯಾವುದಾದರೂ ಸರಿ ಎಂಬುದು ನಮ್ಮ ತೀರ್ಮಾನ. ಇಡೀ ಕಿಟ್‌ನಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಪ್ರತಿಫಲ ಕೊಡುವ ಬದಲಾವಣೆ ಇನ್ನೊಂದಿಲ್ಲ.

ಡಿಫ್: ಖಾಲಿ, ಗ್ರೀಸ್, ಪುಟ್ಟಿ

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಅನುವು ಮಾಡುವುದು ಡಿಫ್. ಕಿಟ್‌ನ ಸೂಚನೆಯಂತೆ ತೆಳುವಾಗಿ ಗ್ರೀಸ್ ಹಚ್ಚಿ ಮುಚ್ಚಿದರೆ ಎರಡೂ ಡಿಫ್ ತೀರ ಸಡಿಲ. ತಿರುವಿನಿಂದ ಹೊರಬರುವಾಗ ಥ್ರಾಟಲ್ ಒತ್ತಿದರೆ ಭಾರ ಕಳೆದುಕೊಂಡ ಒಳಗಿನ ಮುಂಚಕ್ರ ಸುಮ್ಮನೆ ಗರಗರ ತಿರುಗುತ್ತದೆ, ಕಾರು ಮುಂದಕ್ಕೆ ಹೋಗುವುದಿಲ್ಲ.

ಆಂಟಿ-ವೇರ್ ಗ್ರೀಸ್ ಎಂಬ ಅಂಟಂಟು ಗ್ರೀಸನ್ನು ಒಳಗಿನ ಸಣ್ಣ ಗೇರ್‌ಗಳ ನಡುವೆ ತುಂಬಿದರೆ ಈ ಚಟ ಬಹಳಷ್ಟು ಕಡಿಮೆಯಾಗುತ್ತದೆ. ಡಿಫ್ ಪುಟ್ಟಿ ಇನ್ನೂ ಗಟ್ಟಿ, ಚಪಾತಿ ಹಿಟ್ಟಿನ ಹದ. ನಾವು ನೋಡಿದ ಜೋಡಣೆಗಳಲ್ಲಿ ಟಾರು ಮತ್ತು ಸಿಮೆಂಟಿಗೆ ಒಳ್ಳೆಯದೆನಿಸಿದ್ದು ಮುಂದೆ ಪುಟ್ಟಿ, ಹಿಂದೆ ಆಂಟಿ-ವೇರ್ ಗ್ರೀಸ್. ಮುಂಭಾಗ ಕಾರನ್ನು ತಿರುವಿನಿಂದ ಹೊರಗೆ ಎಳೆದು ತರುತ್ತದೆ, ಹಿಂಭಾಗ ತಕರಾರಿಲ್ಲದೆ ಹಿಂಬಾಲಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ, ಥ್ರಾಟಲ್ ಬಿಟ್ಟು ತಿರುವಿಗೆ ನುಗ್ಗುವಾಗ ಮೂತಿ ಸ್ವಲ್ಪ ನಿಧಾನ ತಿರುಗುತ್ತದೆ. ಇದನ್ನೇ ತಿರುವುಮುರುವು ಮಾಡಿದರೆ, ಅಂದರೆ ಹಿಂದೆ ಗಟ್ಟಿ ಮುಂದೆ ಸಡಿಲವಾದರೆ, ಥ್ರಾಟಲ್ ಕೊಟ್ಟೊಡನೆ ಬಾಲ ಜಾರುತ್ತದೆ. ಹೊಸಬರಿಗೆ ಅದು ಬೇಡ.

ಸಿಲಿಕಾನ್ ಎಣ್ಣೆ ಹಾಕಬಹುದೇ? ಕಿಟ್‌ನ ಡಿಫ್‌ಗೆ ಸೀಲ್ ಇಲ್ಲ, ಎಣ್ಣೆ ಸೋರಿ ಗೇರ್‌ಬಾಕ್ಸ್ ತುಂಬ ಹರಡುತ್ತದೆ. ಎಣ್ಣೆಗೆಂದೇ ಮಾಡಿದ ಡಿಫ್ ಬೇರೆ ಕೊಳ್ಳಬೇಕು. ಬಿಸಿ ಅಂಟು ಸುರಿದು ಪೂರ್ತಿ ಲಾಕ್ ಮಾಡುವುದು ಜಾರಾಟದ ಡ್ರಿಫ್ಟ್ ಓಟಕ್ಕೆ ಸರಿ. ಹಿಡಿತವಿರುವ ನೆಲದಲ್ಲಿ ಹಾಗೆ ಓಡಿಸಿದರೆ ಡ್ರೈವ್ ಶಾಫ್ಟ್‌ಗಳ ಮೇಲೆ ಬೇಡದ ಒತ್ತಡ.

ಮೋಟಾರು ಕೂರಿಸುವ ಮೊದಲು ಚಾಸಿಯನ್ನು ನೆಲದ ಮೇಲೆ ಕೈಯಿಂದ ಉರುಳಿಸಿ. ಎಲ್ಲಾದರೂ ಬಿಗಿಯಾಗಿ ಸಡಿಲವಾಗಿ ಎಂದು ತಾಳ ಹಾಕಿದಂತಾದರೆ ಯಾವುದೋ ಬೇರಿಂಗ್ ಪೂರ್ತಿ ಕೂತಿಲ್ಲ, ಇಲ್ಲವೇ ಗೇರ್‌ಬಾಕ್ಸ್ ಸ್ಕ್ರೂ ಅತಿಯಾಗಿ ಬಿಗಿದಿದೆ.

ಶಾಕ್ ಅಬ್ಸಾರ್ಬರ್

ಕಿಟ್‌ನಲ್ಲಿರುವುದು ಎಣ್ಣೆಯಿಲ್ಲದ ಶಾಕ್: ಸ್ಪ್ರಿಂಗ್, ಪ್ಲಾಸ್ಟಿಕ್ ಕೊಳವೆ, ಉಜ್ಜುವಿಕೆಯ ತಡೆ ಅಷ್ಟೇ. ನುಣುಪಾದ ನೆಲದಲ್ಲಿ ಪರವಾಗಿಲ್ಲ. ಟಾರಿನ ತೇಪೆ, ಸಿಮೆಂಟಿನ ಜೋಡುಗೆರೆ ಸಿಕ್ಕಲ್ಲಿ ಕಾರು ಕುಪ್ಪಳಿಸುತ್ತದೆ, ಕುಪ್ಪಳಿಸಿದ ಕ್ಷಣ ಸ್ಟೀರಿಂಗ್ ಕೇಳುವುದಿಲ್ಲ. ಸಿವಿಎ ಎಂಬ ಎಣ್ಣೆ ಶಾಕ್ ಹಾಕಿದಾಗ ಚಕ್ರ ನೆಲ ಬಿಡುವುದು ಕಡಿಮೆ. ಸೆಟ್‌ಗೆ ಎರಡೇ ಬರುವುದರಿಂದ ಎರಡು ಸೆಟ್ ಬೇಕು.

ಕಟ್ಟುವಾಗ ಕೆಡುವುದು ಮೂರು ಕಡೆ. ರಾಡ್‌ನ ಥ್ರೆಡ್ ಇರುವ ತುದಿ ಓ-ರಿಂಗ್ ಅನ್ನು ಗೀರಿದರೆ ಎಣ್ಣೆ ಸೋರುತ್ತದೆ. ತುದಿಗೆ ಎಣ್ಣೆ ಹಚ್ಚಿ ನಿಧಾನವಾಗಿ ತೂರಿಸಿ. ಇ-ರಿಂಗ್ ಹಾಕುವಾಗ ಕೈಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಳ್ಳಿ, ಹಾರಿದರೆ ಚೀಲದಲ್ಲೇ ಸಿಗುತ್ತದೆ. ಮೂರನೆಯದು ಗಾಳಿ. ಎಣ್ಣೆ ತುಂಬಿ ಪಿಸ್ಟನ್ ನಿಧಾನ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಏರಲು ಐದು ಹತ್ತು ನಿಮಿಷ ನಿಲ್ಲಿಸಿಡಿ, ಪಿಸ್ಟನ್ ಕೆಳಗಿಳಿಸಿ ಅಂಚಿನ ತನಕ ತುಂಬಿ ಮುಚ್ಚಿ. ಹೆಚ್ಚಿನ ಎಣ್ಣೆ ಹೊರಗೆ ಹರಿಯಲಿ. ಒತ್ತಿದಾಗ ಪಚಪಚ ಸದ್ದು ಬಂದರೆ ಗಾಳಿ ಉಳಿದಿದೆ. ನಾಲ್ಕೂ ಒಂದೇ ಬಗೆಯಲ್ಲಿ ಚಲಿಸದಿದ್ದರೆ ಈ ಖರ್ಚು ದಂಡ.

ಮೋಟಾರು, ಬ್ಯಾಟರಿ

ಕಿಟ್‌ನ 540 ಮೋಟಾರು ಮೊದಲ ಕಾರಿಗೆ ಸಾಕು. ಡಬ್ಬಿಯ ಗೇರ್ 22 ಹಲ್ಲಿನ ಪಿನಿಯನ್ (ಮೋಟಾರಿನ ಶಾಫ್ಟ್‌ಗೆ ಕೂರುವ ಸಣ್ಣ ಗೇರ್), ಅದು ತಿರುಗಿಸುವ 70 ಹಲ್ಲಿನ ಸ್ಪರ್. ಗೇರ್‌ಬಾಕ್ಸ್ ಒಳಗಿನ ಗೇರ್‌ಗಳೂ ಸೇರಿ ಒಟ್ಟು ಅನುಪಾತ 8.27. ಇದು ಸಹನೆಯ ಗೇರಿಂಗ್, ಮೋಟಾರು ಬಿಸಿಯಾಗುವುದು ಕಡಿಮೆ. ಬದಲಿ ಮೋಟಾರುಗಳಲ್ಲಿ ಟಾರ್ಕ್-ಟ್ಯೂನ್ಡ್ 25 ಸುತ್ತಿನದು (ಒಳಗಿನ ತಂತಿಯ ಸುತ್ತು), ಸ್ಪೋರ್ಟ್-ಟ್ಯೂನ್ಡ್ 23 ಸುತ್ತಿನದು. ಸುತ್ತು ಕಡಿಮೆಯಾದಷ್ಟೂ ವೇಗ ಮತ್ತು ಕರೆಂಟ್ ಹೆಚ್ಚು, ಆದ್ದರಿಂದ ಇಎಸ್‌ಸಿಯ (ಮೋಟಾರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಮೇಲೆ ಎಷ್ಟು ಸುತ್ತಿನ ತನಕ ಎಂದು ಬರೆದಿದೆಯೋ ನೋಡದೆ ಹಾಕಬೇಡಿ. ಪಿನಿಯನ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಶಾಫ್ಟ್‌ನ ಚಪ್ಪಟೆ ಭಾಗದ ಮೇಲೇ ಕೂರಬೇಕು, ಅಲ್ಲಿ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕ್ ಒಂದು ಹನಿ. ಆ ದ್ರವ ಪ್ಲಾಸ್ಟಿಕ್‌ಗೆ ತಾಗಿದರೆ ಬಿರುಕು ಬಿಡುತ್ತದೆ.

ಬ್ಯಾಟರಿಯಲ್ಲಿ 7.2 ವೋಲ್ಟ್‌ನ ಆರು ಸೆಲ್ಲಿನ ನಿಕಲ್ ಪ್ಯಾಕ್ ಮಕ್ಕಳಿರುವ ಮನೆಗೆ ನಿಶ್ಚಿಂತೆ. ಅದು ಮೊದಲು ಚುರುಕಾಗಿದ್ದು ಬರುಬರುತ್ತ ಸೊರಗುತ್ತದೆ. ಎರಡು ಸೆಲ್ಲಿನ ಲೈಪೋ (ಲಿಥಿಯಂ ಪಾಲಿಮರ್) ಪ್ಯಾಕ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ಎಳೆಯುತ್ತದೆ, ತೂಕವೂ ಕಡಿಮೆ. ಆದರೆ ಟಿಟಿ-02ರ ಬ್ಯಾಟರಿ ಜಾಗ ದುಂಡಂಚಿನ ಪ್ಯಾಕ್‌ಗೆ ಮಾಡಿದ್ದು, ಚೌಕ ಅಂಚಿನ ಲೈಪೋ ಕೂರದೆ ಇರಬಹುದು. ದುಂಡಂಚಿನ ಗಟ್ಟಿ ಕವಚದ್ದನ್ನೇ ಕೇಳಿ. ಇಎಸ್‌ಸಿಯಲ್ಲಿ ಲೈಪೋ ಕಟ್-ಆಫ್ (ವೋಲ್ಟೇಜ್ ತೀರ ಇಳಿದಾಗ ಮೋಟಾರು ನಿಲ್ಲಿಸುವ ವ್ಯವಸ್ಥೆ) ಇಲ್ಲದಿದ್ದರೆ ಬ್ಯಾಟರಿಯ ಬ್ಯಾಲೆನ್ಸ್ ತಂತಿಗೆ (ಒಂದೊಂದು ಸೆಲ್ಲಿನ ವೋಲ್ಟೇಜ್ ನೋಡಲು ಇರುವ ಸಣ್ಣ ತಂತಿ) ಸಿಕ್ಕಿಸುವ ಸಣ್ಣ ಅಲಾರಂ ಕಡ್ಡಾಯ, ಸೆಲ್‌ಗೆ 3.4 ವೋಲ್ಟ್‌ಗೆ ಹೊಂದಿಸಿ. ವಾರಗಟ್ಟಲೆ ಓಡಿಸದೆ ಇಡುವುದಾದರೆ ಪೂರ್ತಿ ಚಾರ್ಜ್‌ನಲ್ಲಿಡದೆ ಸೆಲ್‌ಗೆ 3.8 ವೋಲ್ಟ್ ಸುಮಾರಿಗೆ ತಂದು ಇಡಿ. ಮೋಟಾರು ಬದಲಿಸಿದ ಮೇಲೆ ಹಳೆಯ ಬಿಳಿ ಕನೆಕ್ಟರ್ ಓಟದ ನಂತರ ಬೆಚ್ಚಗಾಗಿದೆಯೇ ಮುಟ್ಟಿ ನೋಡಿ; ಆಗಿದ್ದರೆ ಅದನ್ನು ಕತ್ತರಿಸಿ ಎಕ್ಸ್‌ಟಿ60 ಎಂಬ ಕನೆಕ್ಟರ್ ಬೆಸುಗೆ ಹಾಕಿ. ಬ್ಯಾಟರಿ ಕಡೆಯ ಎರಡು ತಂತಿಗಳನ್ನು ಮಾತ್ರ ಒಟ್ಟಿಗೆ ಕತ್ತರಿಸಬೇಡಿ, ಕತ್ತರಿಯ ಅಲಗಿನಲ್ಲೇ ಶಾರ್ಟ್ ಆಗುತ್ತದೆ: ಒಂದನ್ನು ಕತ್ತರಿಸಿ, ಬೆಸೆದು, ಶ್ರಿಂಕ್ ಟ್ಯೂಬ್ ಮುಚ್ಚಿದ ಮೇಲೆ ಇನ್ನೊಂದು.